ಇಕ್ಕಟ್ಟಿನ ಜಾಗದಲ್ಲಿ ಪೈಪ್, ಫಿಟ್ಟಿಂಗ್ ಕತ್ತರಿಸುವ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರ, ಕುಮಟಾ, ಹೊನ್ನಾವರ ಕಡೆಯ ಚಿರೆಕಲ್ಲು ಗೋಡೆಯ ಬಚ್ಚಲುಮನೆಗಳಿಗೂ ಶಿರಸಿ, ಸಿದ್ದಾಪುರದ ತೋಟದ ಲೈನ್‌ಗಳಿಗೂ ಆಗಿಬರುವ ಉತ್ತರಗಳು ಇವು. ಪ್ಲಂಬಿಂಗ್ ಕೆಲಸ ಕಲಿಯುತ್ತಿರುವವರಿಗೆ ಹೆಚ್ಚು ಉಪಯೋಗ. ಮನೆಯಲ್ಲೇ ರಿಪೇರಿ ಮಾಡಿಕೊಳ್ಳುವವರೂ ಓದಬಹುದು.

ಗೋಡೆಯೊಳಗಿನ ಎಲ್ಬೋ (ಪೈಪ್ ತಿರುಗುವಲ್ಲಿ ಹಾಕುವ ಮೂಲೆ ಫಿಟ್ಟಿಂಗ್) ಹತ್ತಿರ ಪೈಪ್ ಮುರಿದಿದೆ. ಯಾವ ಟೂಲ್ ತರಬೇಕು?

ಟೂಲ್ ಆಮೇಲೆ. ಮೊದಲು ಎಲ್ಬೋದ ಬಾಯಿಯಿಂದ ಹೊರಗೆ ಎಷ್ಟು ಪೈಪ್ ಉಳಿದಿದೆ ಎಂದು ಅಳೆಯಿರಿ. ಮುಂದಿನ ಕೆಲಸವೆಲ್ಲ ಆ ಒಂದು ಅಳತೆಯ ಮೇಲೆ ನಿಂತಿದೆ.

ಹೊಸ ಕಪ್ಲರ್ (ಎರಡು ಪೈಪ್ ಜೋಡಿಸುವ ಫಿಟ್ಟಿಂಗ್) ಕೂರಬೇಕಾದರೆ ಅದರ ಸಾಕೆಟ್, ಅಂದರೆ ಪೈಪ್ ಕೂರುವ ಬಾಯಿ, ಎಷ್ಟು ಆಳವೋ ಅಷ್ಟು ಉದ್ದದ ಗಟ್ಟಿ ಪೈಪ್ ಹೊರಗಿರಬೇಕು. ಸಿಪಿವಿಸಿಯಲ್ಲಿ (ಬಿಸಿನೀರಿನ ಪ್ಲಾಸ್ಟಿಕ್ ಪೈಪ್) ಈ ಆಳ ಅರ್ಧ ಇಂಚಿಗೆ ಸುಮಾರು 13 ಮಿ.ಮೀ., ಮುಕ್ಕಾಲು ಇಂಚಿಗೆ 18, ಒಂದು ಇಂಚಿಗೆ 23. ಮುರಿದ ತುದಿಯನ್ನು ನೇರ ಮಾಡುವಾಗ 2–3 ಮಿ.ಮೀ. ಹೋಗುತ್ತದೆ. ಹಾಗಾಗಿ ಮುಕ್ಕಾಲು ಇಂಚಿನ ಪೈಪ್ 21 ಮಿ.ಮೀ. ಉಳಿದಿದ್ದರೆ ನೂಲು ಅಥವಾ ಬ್ಲೇಡ್‌ನಲ್ಲೇ ಕೆಲಸ ಮುಗಿಯುತ್ತದೆ. ಅದಕ್ಕಿಂತ ಕಡಿಮೆಯಿದ್ದರೆ ದಾರಿ ಎರಡೇ. ಒಂದು, ಎಲ್ಬೋದೊಳಗೆ ಅಂಟಿಕೊಂಡ ಪೈಪನ್ನು ಕೊರೆದು ತೆಗೆದು ಅದೇ ಎಲ್ಬೋವನ್ನು ಉಳಿಸಿಕೊಳ್ಳುವುದು. ಇನ್ನೊಂದು, ಗೋಡೆ ಬಿಡಿಸಿ ಎಲ್ಬೋವನ್ನೇ ಬದಲಿಸುವುದು.

ಅಳೆಯುವ ಮೊದಲು ಬಿರುಕು ಎಲ್ಲಿಯವರೆಗೆ ಹೋಗಿದೆ ನೋಡಿಕೊಳ್ಳಿ. ಪ್ಲಾಸ್ಟಿಕ್ ಪೈಪಿನ ಬಿರುಕು ಕಣ್ಣಿಗೆ ಕಾಣುವುದಕ್ಕಿಂತ ಮುಂದೆ ಓಡಿರುತ್ತದೆ. ಪೈಪ್ ಒರೆಸಿ ಒಣಗಿಸಿ, ಬಾಲ್ ಪೆನ್ನಿನ ಇಂಕ್ ಸವರಿ, ಬಟ್ಟೆಯಿಂದ ಒರೆಸಿದರೆ ಇಂಕ್ ಬಿರುಕಿನಲ್ಲಿ ಮಾತ್ರ ಉಳಿದು ಗೆರೆ ಕಾಣುತ್ತದೆ. ಆ ಗೆರೆ ಮುಗಿದ ಜಾಗದಿಂದ ಲೆಕ್ಕ ಹಿಡಿಯಿರಿ.

ಅಂಗಡಿಯಲ್ಲಿ ಮುಕ್ಕಾಲು ಇಂಚು ಅಂತಲೇ ಕೇಳಿ ತಂದದ್ದು, ಆದರೂ ಕೂರುತ್ತಿಲ್ಲ. ಯಾಕೆ?

ನಮ್ಮ ಮನೆಗಳಲ್ಲಿ ಮೂರು ಜಾತಿಯ ಪ್ಲಾಸ್ಟಿಕ್ ಪೈಪ್ ಒಟ್ಟಿಗೇ ಇರುತ್ತವೆ, ಮೂರರಲ್ಲೂ ‘ಮುಕ್ಕಾಲು ಇಂಚು’ ಎಂದು ಕರೆಯುವ ಸೈಜ್ ಇದೆ, ಮೂರರ ಹೊರ ಅಳತೆಯೂ ಬೇರೆ. ಬಿಸಿನೀರಿನ ಕೆನೆಬಣ್ಣದ ಸಿಪಿವಿಸಿ 22.2 ಮಿ.ಮೀ. ಬಿಳಿ ಯುಪಿವಿಸಿ 26.7. ಬಾವಿ, ತೋಟದ ಬೂದು ಬಣ್ಣದ ಪಿವಿಸಿ (ಐಎಸ್ 4985ರ ಪ್ರಕಾರ) 25 ಮಿ.ಮೀ.

ಗೋಡೆಯ ಸಂದಿಯಲ್ಲಿ ವರ್ನಿಯರ್ ಹೋಗುವುದಿಲ್ಲ, ಟೇಪ್ ಬಾಗುವುದಿಲ್ಲ. ಹೊಲಿಗೆ ನೂಲನ್ನು ಪೈಪಿನ ಸುತ್ತ ಒಂದು ಸುತ್ತು ತಂದು, ಕೂಡಿದ ಜಾಗದಲ್ಲಿ ಉಗುರಿನಿಂದ ಹಿಡಿದು, ಸ್ಕೇಲಿನ ಮೇಲೆ ಇಟ್ಟು ನೋಡಿ. ಸಿಪಿವಿಸಿಯಾದರೆ ಅರ್ಧ ಇಂಚಿಗೆ 50 ಮಿ.ಮೀ., ಮುಕ್ಕಾಲಿಗೆ 70, ಒಂದು ಇಂಚಿಗೆ 90 ಬರುತ್ತದೆ. ಯುಪಿವಿಸಿಗೆ 67, 84, 105. ಬೂದು ಪಿವಿಸಿ 20, 25, 32 ಮಿ.ಮೀ. ಸೈಜಿಗೆ 63, 78, 100. ಈ ಒಂಬತ್ತು ಅಂಕಿಗಳನ್ನು ಟೂಲ್ ಬಾಕ್ಸಿನ ಮುಚ್ಚಳದ ಒಳಗೆ ಬರೆದಿಟ್ಟುಕೊಂಡರೆ ಪೇಟೆಗೆ ಎರಡನೇ ಸಲ ಓಡುವುದು ತಪ್ಪುತ್ತದೆ.

ಪೈಪಿನ ಹಿಂದೆ ಬೆರಳೂ ತೂರುವುದಿಲ್ಲ. ಹೇಗೆ ಕತ್ತರಿಸುವುದು?

ನೈಲಾನ್ ನೂಲಿನಿಂದ. ಗೌಂಡಿಗಳು ಗೋಡೆ ಕಟ್ಟುವಾಗ ನೇರ ಹಿಡಿಯಲು ಎಳೆಯುವ ಹೆಣೆದ ನೂಲು ಇದೆಯಲ್ಲ, ಅದೇ. 1ರಿಂದ 1.5 ಮಿ.ಮೀ. ದಪ್ಪದ್ದು, ಒಂದೂವರೆ ಮೀಟರ್ ಸಾಕು. ಪೈಪಿನ ಹಿಂದೆ 3 ಮಿ.ಮೀ. ಸಂದಿ ಇದ್ದರೂ ನಡೆಯುತ್ತದೆ. ನೂಲು ತೂರಿಸಲು ತೆಳು ಬೈಂಡಿಂಗ್ ವೈರ್ ಬಗ್ಗಿಸಿ ಕೊಕ್ಕೆ ಮಾಡಿಕೊಳ್ಳಿ.

ಎರಡೂ ತುದಿಗೆ ಚಿಕ್ಕ ಕೋಲು ಕಟ್ಟಿ, ಎರಡು ಕೈಯಿಂದ ಉದ್ದುದ್ದ ಎಳೆತದಲ್ಲಿ ಹಿಂದೆ ಮುಂದೆ ಎಳೆಯಿರಿ. ಇಲ್ಲಿ ಕತ್ತರಿಸುವುದು ಹಲ್ಲಲ್ಲ, ತಿಕ್ಕಾಟದ ಬಿಸಿ. ಪ್ಲಾಸ್ಟಿಕ್ ಕರಗಿ ದಾರಿ ಬಿಡುತ್ತದೆ. ಇದರಿಂದ ಮೂರು ವಿಷಯ ತಾನಾಗಿಯೇ ಗೊತ್ತಾಗುತ್ತದೆ: ಪೈಪ್ ಒದ್ದೆಯಿದ್ದರೆ ಬಿಸಿ ಏರದೆ ನೂಲು ಸುಮ್ಮನೆ ಜಾರುತ್ತದೆ; ಗಿಡ್ಡ ಎಳೆತದಲ್ಲಿ ನೂಲಿನ ಒಂದೇ ಜಾಗ ಬಿಸಿಯಾಗಿ ನೂಲೇ ತುಂಡಾಗುತ್ತದೆ; ಅರ್ಧದಲ್ಲಿ ನಿಲ್ಲಿಸಿದರೆ ಕರಗಿದ ಪ್ಲಾಸ್ಟಿಕ್ ಗಟ್ಟಿಯಾಗಿ ನೂಲನ್ನು ಹಿಡಿದುಕೊಳ್ಳುತ್ತದೆ. ಶುರು ಮಾಡಿದ ಮೇಲೆ ಒಂದೇ ಉಸಿರಿನಲ್ಲಿ ಮುಗಿಸಬೇಕು.

ನೂಲು ಓರೆಯಾಗಿ ಹೋಗುವ ಚಾಳಿಯುಳ್ಳದ್ದು. ಕತ್ತರಿಸುವ ಗೆರೆಯ ಪಕ್ಕದಲ್ಲೇ ಇನ್ಸುಲೇಶನ್ ಟೇಪನ್ನು ನಾಲ್ಕೈದು ಸುತ್ತು ಸುತ್ತಿಕೊಂಡರೆ ಆ ಅಂಚು ನೂಲಿಗೆ ದಾರಿ ತೋರಿಸುತ್ತದೆ. ಕತ್ತರಿಸಿದ ಮೇಲೆ ತುದಿಯಲ್ಲಿ ಕರಗಿದ ಏಣು ಎದ್ದಿರುತ್ತದೆ. ಅದನ್ನು ಚಾಕುವಿನಿಂದ ಕೆರೆದು ತೆಗೆಯದೆ ಸೊಲ್ಯೂಶನ್ (ಪೈಪ್ ಜೋಡಿಸುವ ಅಂಟು) ಹಚ್ಚಬೇಡಿ. ಒಳಗೆ ತಳ್ಳುವಾಗ ಆ ಏಣು ಸಾಕೆಟ್‌ಗೆ ಹಚ್ಚಿದ ಸೊಲ್ಯೂಶನ್ನನ್ನೆಲ್ಲ ಕೆರೆದುಕೊಂಡು ಹೋಗುತ್ತದೆ.

ಸಿಪಿವಿಸಿ, ಯುಪಿವಿಸಿ, ಪಿವಿಸಿ ಮೂರಕ್ಕೂ ನೂಲು ಸಾಕು. ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿಗೆ ಆಗುವುದಿಲ್ಲ.

ರಾಚೆಟ್ ಕಟರ್, ಹ್ಯಾಕ್ಸಾ, ಮಲ್ಟಿ ಟೂಲ್, ಗ್ರೈಂಡರ್: ಇವುಗಳಲ್ಲಿ ಯಾವುದು?

ರಾಚೆಟ್ ಕಟರ್ ಸೊಗಸಾಗಿ ಕತ್ತರಿಸುತ್ತದೆ, ಆದರೆ ಅದರ ಕೆಳದವಡೆಗೆ ಪೈಪಿನ ಹಿಂದೆ ಕಡಿಮೆಯೆಂದರೂ 20 ಮಿ.ಮೀ. ಜಾಗ ಬೇಕು. ಬಯಲಿನಲ್ಲಿ ಒಳ್ಳೆಯದು, ಗೋಡೆಯೊಳಗೆ ಅಲ್ಲ. ಇನ್ನೊಂದು ತೊಂದರೆ, ಹತ್ತಾರು ವರ್ಷ ಹಳೆಯದಾಗಿ ಗಡುಸಾದ ಪೈಪನ್ನು ಅದು ಹಿಂಡುವಾಗ ತುದಿ ಉದ್ದಕ್ಕೆ ಸೀಳುತ್ತದೆ. ಉಳಿದ ಪೈಪ್ ತುಂಡು ಇರುವುದೇ 20 ಮಿ.ಮೀ. ಎಂದಾಗ ಆ ಅಪಾಯ ಬೇಡ.

ಹ್ಯಾಕ್ಸಾ ಫ್ರೇಮ್ ಬಿಡಿ, ಬ್ಲೇಡಿನ ಒಂದು ತುದಿಯನ್ನಷ್ಟೇ ಹಿಡಿಯುವ ಮಿನಿ ಹಿಡಿಕೆ ಸಿಗುತ್ತದೆ. ಬ್ಲೇಡಿನ ಅಗಲ ಅರ್ಧ ಇಂಚು, ಹಾಗಾಗಿ ಅಷ್ಟು ಸಂದಿಯಿದ್ದರೆ ಸಾಕು. ಮುಂದೆ ಹಿಂದೆ ಆಡಿಸಲು 10 ಸೆಂ.ಮೀ. ಬೇಕು. ಇಂಚಿಗೆ 24 ಹಲ್ಲಿನ ಬ್ಲೇಡ್ ಹಾಕಿ. ಎಳೆಯುವಾಗ ಕತ್ತರಿಸುವಂತೆ ಹಲ್ಲು ನಿಮ್ಮ ಕಡೆ ಮುಖ ಮಾಡಿರಲಿ. ಫ್ರೇಮ್ ಇಲ್ಲದ ಬ್ಲೇಡನ್ನು ತಳ್ಳಿದರೆ ಬಾಗಿ ಮುರಿಯುತ್ತದೆ.

ಕರೆಂಟಿನ ಸಾಧನಗಳಲ್ಲಿ ಇಕ್ಕಟ್ಟಿಗೆ ಹೇಳಿ ಮಾಡಿಸಿದ್ದು ಆಸಿಲೇಟಿಂಗ್ ಮಲ್ಟಿ ಟೂಲ್. ಬ್ಲೇಡ್ ಸುತ್ತುವುದಿಲ್ಲ, ಅದುರುತ್ತದೆ. ಹಾಗಾಗಿ ಮುಂದಿನಿಂದಲೇ ಒತ್ತಿ ಇಡೀ ಪೈಪ್ ಕತ್ತರಿಸಬಹುದು, ಹಿಂದೆ ಜಾಗವೇ ಬೇಡ. ವೇಗವನ್ನು ನಡುಮಟ್ಟದಲ್ಲಿಡಿ. ಪೂರ್ತಿ ವೇಗ ಕೊಟ್ಟರೆ ಪ್ಲಾಸ್ಟಿಕ್ ಕರಗಿ ಹಿಂದೆಯೇ ಬೆಸೆದುಕೊಳ್ಳುತ್ತದೆ, ಕತ್ತರಿಸಿದ ಗೆರೆ ಮತ್ತೆ ಮುಚ್ಚಿರುತ್ತದೆ. ಹಿಂಬದಿ ತಲುಪುವಾಗ ಒತ್ತಡ ಸಡಿಲಿಸಿ. ಗೋಡೆಯೊಳಗೆ ಗೀಸರಿನ ವಯರ್ ಪಕ್ಕದಲ್ಲೇ ಓಡಿರುವುದು ನಮ್ಮ ಕಡೆ ಮಾಮೂಲು, ಆದ್ದರಿಂದ ಆ ಕೋಣೆಯ ಎಂಸಿಬಿ ಇಳಿಸಿಯೇ ಶುರು ಮಾಡಿ. ಒದ್ದೆ ಬಚ್ಚಲಿನಲ್ಲಿ ಬ್ಯಾಟರಿ ಟೂಲ್ ಮೇಲು. ವಯರಿನದ್ದೇ ಆದರೆ ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ 30 ಮಿಲಿಆಂಪ್ ಆರ್‌ಸಿಸಿಬಿ ಇರುವ ಲೈನಿನಿಂದ ಮಾತ್ರ.

ಗ್ರೈಂಡರ್ ಬೇಡ. ನಾಲ್ಕು ಇಂಚಿನ ಡಿಸ್ಕ್ ಸಂದಿಯಲ್ಲಿ ಸಿಕ್ಕಿಕೊಂಡರೆ ಒದೆಯುವುದು ಕೈಗೆ ಅಥವಾ ಮುಖಕ್ಕೆ. ಗಾರ್ಡ್ ಬಿಚ್ಚಿ ಒಳಗೆ ತೂರಿಸುವವರಿದ್ದಾರೆ, ಅದು ಜಾಣತನವಲ್ಲ.

ಎಲ್ಬೋದೊಳಗೆ ಅಂಟಿಕೊಂಡ ಪೈಪನ್ನು ಕೊರೆದು ತೆಗೆಯುವ ಬಿಟ್ ಇದೆಯಂತೆ, ಹೌದಾ?

ಇದೆ. ಸಾಕೆಟ್ ರೀಮರ್, ಫಿಟ್ಟಿಂಗ್ ಸೇವರ್ ಎಂದೆಲ್ಲ ಕರೆಯುತ್ತಾರೆ. ಡ್ರಿಲ್ಲಿಗೆ ಹಾಕುವ ದಪ್ಪ ಬಿಟ್, ತುದಿಯಲ್ಲಿ ಒಂದು ಗುಂಡಗಿನ ಪೈಲಟ್. ಪೈಲಟ್ ಹಳೆಯ ಪೈಪಿನ ತೂತಿನೊಳಗೆ ಕೂತು ಬಿಟ್ಟನ್ನು ನಡುವಿನಲ್ಲಿ ಹಿಡಿಯುತ್ತದೆ, ಅದರ ಹಿಂದಿನ ಅಲಗು ಪೈಪಿನ ದಪ್ಪವನ್ನಷ್ಟೇ ಕೆರೆದು ತೆಗೆಯುತ್ತದೆ. ಫಿಟ್ಟಿಂಗ್ ಮತ್ತೆ ಹೊಸದರಂತೆ ಬಾಯಿ ತೆರೆದು ಸಿಗುತ್ತದೆ. ಟೈಲ್ಸ್ ಹಾಕಿ ವರ್ಷಗಳಾಗಿ, ಅದೇ ಡಿಸೈನ್ ಈಗ ಸಿಗದ ಗೋಡೆಯಲ್ಲಿ ಇದರ ಬೆಲೆ ಗೊತ್ತಾಗುತ್ತದೆ.

ಕೊಳ್ಳುವ ಮೊದಲು ಅಳತೆ ನೋಡಿ. ಹೊರದೇಶದಿಂದ ಬರುವ ಬಹುಪಾಲು ರೀಮರ್‌ಗಳು ಶೆಡ್ಯೂಲ್ 40 (ಅಮೆರಿಕದ ಅಳತೆಯ) ಪೈಪಿಗೆ ಮಾಡಿದವು. ಅದರ ಮುಕ್ಕಾಲು ಇಂಚೆಂದರೆ 26.7 ಮಿ.ಮೀ. ಇದನ್ನು 22.2 ಮಿ.ಮೀ. ಸಿಪಿವಿಸಿ ಎಲ್ಬೋಗೆ ಹಾಕಿದರೆ ಎಲ್ಬೋದ ಗೋಡೆಯನ್ನೇ ತಿಂದುಹಾಕುತ್ತದೆ. 25 ಮಿ.ಮೀ. ಬೂದು ಪಿವಿಸಿಗೂ ಅದು ದೊಡ್ಡದೇ. ಅಲಗಿನ ಹೊರ ಅಳತೆ ನಿಮ್ಮ ಪೈಪಿನ ಹೊರ ಅಳತೆಗೆ ಸರಿಯಾಗಿದೆಯೇ, ಪೈಲಟ್ ಒಳ ತೂತಿಗೆ ಸಡಿಲವಿಲ್ಲದೆ ಕೂರುತ್ತದೆಯೇ, ಎರಡನ್ನೂ ನೋಡಬೇಕು. ಬಿಟ್ಟಿನ ಮೇಲೆ ಬರೆದ ಇಂಚಿನ ಅಂಕಿಯನ್ನು ನಂಬಬೇಡಿ. ಜಿಲ್ಲೆಯ ಸಣ್ಣ ಹಾರ್ಡ್‌ವೇರ್ ಅಂಗಡಿಗಳಲ್ಲಿ ಇದು ಸ್ಟಾಕ್ ಇರುವುದು ಅಪರೂಪ, ಹುಬ್ಬಳ್ಳಿಯಿಂದಲೋ ಆನ್‌ಲೈನ್‌ನಲ್ಲೋ ತರಿಸಬೇಕಾದೀತು.

ಬಳಸುವ ಕ್ರಮ ಹೀಗೆ:

1. ನೀರು ಬಂದ್ ಮಾಡಿ, ಕೆಳಗಿನ ನಲ್ಲಿ ತೆರೆದು ಲೈನ್ ಖಾಲಿ ಮಾಡಿ.
2. ಉಳಿದ ಪೈಪನ್ನು ಫಿಟ್ಟಿಂಗ್‌ನ ಬಾಯಿಗೆ ಸಮವಾಗಿ ಕತ್ತರಿಸಿ.
3. ಬಿಟ್ಟಿನ ಮೇಲೆ ಸಾಕೆಟ್ ಆಳದ ಗುರುತಿಗೆ ಟೇಪ್ ಸುತ್ತಿ. ಮುಕ್ಕಾಲು ಇಂಚು ಸಿಪಿವಿಸಿಗೆ 18 ಮಿ.ಮೀ.
4. ಡ್ರಿಲ್ಲನ್ನು ಮೊದಲ ಗೇರಿಗೆ ಹಾಕಿ, ನಿಮಿಷಕ್ಕೆ 400–500 ಸುತ್ತಿಗಿಂತ ಹೆಚ್ಚು ಬೇಡ.
5. ನೇರವಾಗಿ ಹಿಡಿದು ಮೆಲ್ಲಗೆ ಒತ್ತಿ. ನಾಲ್ಕೈದು ಮಿ.ಮೀ. ಒಳಗೆ ಹೋದಂತೆ ಹೊರಗೆ ತೆಗೆದು ಚೂರು ಕೊಡವಿ, ಬಿಟ್ ಮುಟ್ಟಿ ನೋಡಿ. ಕೈ ಸುಡುವಷ್ಟಿದ್ದರೆ ಆರಲು ಬಿಡಿ.
6. ಟೇಪ್ ಗುರುತು ಫಿಟ್ಟಿಂಗ್‌ನ ಬಾಯಿಗೆ ಬಂತೇ ನೋಡುತ್ತಿರಿ. ಅಲ್ಲಿಗೆ ನಿಲ್ಲಿಸಿ.

ಬರುವ ಚೂರನ್ನು ನೋಡಿದರೆ ಕೆಲಸ ಹೇಗೆ ನಡೆದಿದೆ ಗೊತ್ತಾಗುತ್ತದೆ. ಸುರುಳಿಯಾಗಿ ಒಣಗಿ ಉದುರಿದರೆ ಸರಿ. ಅಂಟಂಟಾಗಿ ಎಳೆ ಬಂದರೆ ವೇಗ ಹೆಚ್ಚಾಗಿದೆ ಅಥವಾ ಅಲಗು ಮೊಂಡಾಗಿದೆ. ಚೂರಿನ ಬಣ್ಣ ಒಂದೇ ಕಡೆ ಬದಲಾದರೆ ಬಿಟ್ ಓರೆಯಾಗಿ ಫಿಟ್ಟಿಂಗನ್ನು ತಿನ್ನುತ್ತಿದೆ, ತಕ್ಷಣ ನಿಲ್ಲಿಸಿ.

ಕೊರೆದ ಮೇಲೆ ಒಳಗೆ ಹಳೆಯ ಸೊಲ್ಯೂಶನ್ನಿನ ತೆಳು ಪದರ ಉಳಿದಿರುತ್ತದೆ. 120 ನಂಬರಿನ ಪಾಲಿಶ್ ಪೇಪರನ್ನು ಬೆರಳಿಗೆ ಸುತ್ತಿ ಹಗುರವಾಗಿ ತಿಕ್ಕಿ. ಹೊಸ ಪೈಪನ್ನು ಸೊಲ್ಯೂಶನ್ ಹಚ್ಚದೆ ಹಾಕಿ ನೋಡಿ: ತುಸು ಬಿಗಿಯಾಗಿ ಹಿಡಿಯಬೇಕು. ಲೊಡಲೊಡ ಅಂದರೆ ಸೊಲ್ಯೂಶನ್ ಎಷ್ಟು ಮೆತ್ತಿದರೂ ಆ ಜಾಯಿಂಟ್ ನಿಲ್ಲುವುದಿಲ್ಲ. ಆಗ ಗೋಡೆ ಬಿಡಿಸಲೇಬೇಕು.

ರೀಮರ್ ಇಲ್ಲದೆ ಕೈಯಲ್ಲೇ ಆಗುವುದಿಲ್ಲವೇ?

ಆಗುತ್ತದೆ, ತಾಳ್ಮೆ ಬೇಕು. ಹ್ಯಾಕ್ಸಾ ಬ್ಲೇಡಿನ ತುಂಡನ್ನು ಪೈಪಿನೊಳಗೆ ಹಾಕಿ, ಉದ್ದಕ್ಕೆ ನಾಲ್ಕು ಗೀಟು ಹಾಕಿ. ಗೀಟಿನ ಆಳ ಪೈಪಿನ ದಪ್ಪ ದಾಟಬಾರದು. ಎಸ್‌ಡಿಆರ್ 11 (ಪೈಪಿನ ದಪ್ಪದ ದರ್ಜೆ) ಸಿಪಿವಿಸಿಯಲ್ಲಿ ಅರ್ಧ ಇಂಚಿಗೆ ಈ ದಪ್ಪ ಸುಮಾರು 1.7 ಮಿ.ಮೀ., ಮುಕ್ಕಾಲಿಗೆ 2, ಒಂದು ಇಂಚಿಗೆ 2.6. ಕೂದಲೆಳೆಯಷ್ಟು ಉಳಿಸಿ ನಿಲ್ಲಿಸಿ, ಆಮೇಲೆ ಸಣ್ಣ ಸ್ಕ್ರೂಡ್ರೈವರನ್ನು ಗೀಟಿಗೆ ಇಟ್ಟು ಒಳಮುಖವಾಗಿ ಮೀಟಿದರೆ ಪಟ್ಟಿ ಪಟ್ಟಿಯಾಗಿ ಕಳಚಿ ಬರುತ್ತದೆ. ಬ್ಲೇಡ್ ಫಿಟ್ಟಿಂಗಿಗೆ ಒಂದು ಗೀಟು ಹಾಕಿಬಿಟ್ಟರೂ ನೀರು ಆ ಗೀಟಿನ ಉದ್ದಕ್ಕೇ ಹೊರಗೆ ಬರುತ್ತದೆ. ಇಲ್ಲಿ ಅವಸರಕ್ಕೆ ಜಾಗವಿಲ್ಲ.

ಬೆಂಕಿ ಹಿಡಿದು ಮೆತ್ತಗೆ ಮಾಡಿ ಕಿತ್ತರೆ?

ಲೈಟರ್, ಮೇಣದಬತ್ತಿ, ಬ್ಲೋ ಲ್ಯಾಂಪ್ ಯಾವುದೂ ಬೇಡ. ಪಿವಿಸಿ, ಸಿಪಿವಿಸಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ. ಕಿಟಕಿಯಿಲ್ಲದ ಬಚ್ಚಲಿನಲ್ಲಿ ಅದು ಕಣ್ಣು, ಗಂಟಲು, ಶ್ವಾಸಕ್ಕೆ ಕೆಟ್ಟದ್ದು. ಹಾಟ್ ಏರ್ ಗನ್ನಿನಿಂದ ಒಳಗಿನ ಪೈಪನ್ನಷ್ಟೇ ಬಿಸಿ ಮಾಡಿ ನೋಸ್ ಪ್ಲೈಯರ್‌ನಿಂದ ಸುರುಳಿ ಸುತ್ತಿ ಎಳೆಯುವುದುಂಟು. ತ್ಯಾಜ್ಯ ನೀರಿನ ಲೈನಿಗೆ ಪರವಾಗಿಲ್ಲ. ಪ್ರೆಶರ್ ಲೈನಿನಲ್ಲಿ ಫಿಟ್ಟಿಂಗ್ ಕೂಡ ಮೆತ್ತಗಾಗಿ ಬಾಯಿ ಅಂಡಾಕಾರವಾಗುತ್ತದೆ. ಹಿತ್ತಾಳೆ ಒಳಸುತ್ತು ಇರುವ ಎಲ್ಬೋವನ್ನಂತೂ ಬಿಸಿ ಮಾಡಲೇಬೇಡಿ, ಹಿತ್ತಾಳೆ ಬಿಸಿ ಹೀರಿಕೊಂಡು ಪ್ಲಾಸ್ಟಿಕ್ಕಿನಲ್ಲಿ ಸಡಿಲವಾಗುತ್ತದೆ.

ಜಾಗ ಸಾಲದು, ಫಿಟ್ಟಿಂಗ್‌ನ ಅಂಚನ್ನೇ ಕತ್ತರಿಸಿ ಗಿಡ್ಡ ಮಾಡಬಹುದೇ?

ಪ್ರೆಶರ್ ಲೈನಿನಲ್ಲಿ ಬೇಡ. ಸಾಕೆಟ್ಟಿನ ಒಳಗೋಡೆ ಹೊರಗಿನಿಂದ ಒಳಕ್ಕೆ ಕಿರಿದಾಗುತ್ತ ಹೋಗುತ್ತದೆ, ಪೈಪನ್ನು ಬಿಗಿಯಾಗಿ ಹಿಡಿಯುವುದು ಆ ಇಳಿಜಾರು. ಬಾಯಿಯ 5 ಮಿ.ಮೀ. ಕತ್ತರಿಸಿದರೆ ಅಂಟುವ ಜಾಗ ಕಡಿಮೆಯಾಗುವುದಷ್ಟೇ ಅಲ್ಲ, ಪೈಪ್ ಅರ್ಧದಲ್ಲೇ ಸಿಕ್ಕಿಕೊಂಡು ಒಳಗೆ ಹೋಗದು.

ಬದಲಿಗೆ ಎರಡು ಫಿಟ್ಟಿಂಗ್‌ಗಳನ್ನು ಬಾಯಿಗೆ ಬಾಯಿ ತಾಗಿಸಿ ಕೂರಿಸಿ. ನಡುವಿನ ಪೈಪ್ ತುಂಡಿನ ಉದ್ದ ಸುಮಾರು ಎರಡು ಸಾಕೆಟ್ ಆಳದಷ್ಟು: ಸಿಪಿವಿಸಿ ಅರ್ಧ ಇಂಚಿಗೆ 25 ಮಿ.ಮೀ., ಮುಕ್ಕಾಲಿಗೆ 35, ಒಂದು ಇಂಚಿಗೆ 45. ಇಷ್ಟು ಗಿಡ್ಡ ತುಂಡನ್ನು ಕೈಯಲ್ಲಿ ಹಿಡಿದು ಕತ್ತರಿಸಲಾಗದು; ಉದ್ದ ಪೈಪಿನ ತುದಿಯನ್ನು ಮೊದಲು ಒಂದು ಫಿಟ್ಟಿಂಗಿಗೆ ಅಂಟಿಸಿ, ಆಮೇಲೆ ಅಳೆದು ಕತ್ತರಿಸಿ. ಯುಪಿವಿಸಿ ಶೆಡ್ಯೂಲ್ 80 ಫಿಟ್ಟಿಂಗ್‌ಗಳ ಸಾಕೆಟ್ ಹೆಚ್ಚು ಆಳ, ಮುಕ್ಕಾಲು ಇಂಚಿಗೆ 25 ಮಿ.ಮೀ. ಇರುತ್ತದೆ. ಆದ್ದರಿಂದ ಕೈಯಲ್ಲಿರುವ ಫಿಟ್ಟಿಂಗನ್ನೇ ಅಳೆದು ಲೆಕ್ಕ ಹಾಕಿ.

ಸಿಂಕಿನ ಕೆಳಗಿನ ವೇಸ್ಟ್ ಲೈನಿನಲ್ಲಿ ಒತ್ತಡ ಇರುವುದಿಲ್ಲ, ಅಲ್ಲಿ ಅಂಚು ತುಸು ತೆಗೆದರೆ ನಡೆಯುತ್ತದೆ. ರಬ್ಬರ್ ರಿಂಗ್ ಕೂರುವ ಕೊರಕಲನ್ನು ಮಾತ್ರ ಮುಟ್ಟಬೇಡಿ.

ಕಮೋಡ್ ಪೈಪ್ ನೆಲದಿಂದ ಮೇಲೆದ್ದಿದೆ. ಸುತ್ತ ಟೈಲ್ಸ್ ಹಾಕಿ ಆಗಿದೆ. ಈಗೇನು?

ಒಳಗಿನಿಂದ ಕತ್ತರಿಸುವ ಇನ್‌ಸೈಡ್ ಪೈಪ್ ಕಟರ್ ಇರುವುದೇ ಇದಕ್ಕೆ. ಡ್ರಿಲ್ಲಿಗೆ ಹಾಕುವ ಉದ್ದ ದಂಡ, ತುದಿಯಲ್ಲಿ ಚಿಕ್ಕ ಗರಗಸದ ಚಕ್ರ. ಚಕ್ರವೇ 44 ಮಿ.ಮೀ. ಆಸುಪಾಸು ಇರುವುದರಿಂದ 63, 75, 110 ಮಿ.ಮೀ. ಪೈಪಿಗೆ ಹೊಂದುತ್ತದೆ, ಒಂದು, ಒಂದೂಕಾಲು ಇಂಚಿನ ಪೈಪಿನೊಳಗೆ ಹೋಗುವುದೇ ಇಲ್ಲ.

ಮೊದಲು ಬಟ್ಟೆ ಉಂಡೆಗೆ ದಾರ ಕಟ್ಟಿ ಪೈಪಿನೊಳಗೆ ಒಂದಡಿ ಕೆಳಗೆ ಇಳಿಸಿ. ಚೂರು ಕೆಳಗೆ ಬೀಳುವುದಿಲ್ಲ, ಸೆಪ್ಟಿಕ್ ಟ್ಯಾಂಕಿನ ಅನಿಲ ಮೇಲೆ ಬರುವುದೂ ಕಡಿಮೆ. ಆ ಅನಿಲದಲ್ಲಿ ಮೀಥೇನ್ ಇರುತ್ತದೆ, ಬೀಡಿ, ಲೈಟರ್ ಹತ್ತಿರ ತರಬೇಡಿ. ಬಾಗಿಲು ಕಿಟಕಿ ತೆರೆದಿಡಿ. ಕತ್ತರಿಸಬೇಕಾದ ಆಳವನ್ನು ದಂಡದ ಮೇಲೆ ಟೇಪಿನಿಂದ ಗುರುತಿಸಿ.

ಚಕ್ರವನ್ನು ಪೈಪಿನ ನಡುವೆ ಇಳಿಸಿ, ಗೋಡೆ ತಾಗುವ ಮೊದಲೇ ಡ್ರಿಲ್ ಚಾಲು ಮಾಡಿ ವೇಗ ಬರಲಿ. ತಾಗಿಸಿಕೊಂಡು ಚಾಲು ಮಾಡಿದರೆ ಹಲ್ಲು ಕಚ್ಚಿ ಡ್ರಿಲ್ ಕೈಯಿಂದ ತಿರುಚಿಕೊಳ್ಳುತ್ತದೆ. ಆಮೇಲೆ ಪಕ್ಕಕ್ಕೆ ಒತ್ತಿ, ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಪೈಪಿನ ಸುತ್ತ ನಿಧಾನಕ್ಕೆ ಬನ್ನಿ. ವಿರುದ್ಧ ದಿಕ್ಕಿನಲ್ಲಿ ಹೋದರೆ ಚಕ್ರ ತಾನಾಗಿ ಗೋಡೆಯ ಮೇಲೆ ಓಡತೊಡಗುತ್ತದೆ, ಹಿಡಿತಕ್ಕೆ ಸಿಗುವುದಿಲ್ಲ. ಟೇಪ್ ಗುರುತು ಟೈಲ್ಸ್ ಮಟ್ಟದಲ್ಲೇ ಇರುವಂತೆ ನೋಡುತ್ತಿರಿ, ಇಲ್ಲದಿದ್ದರೆ ಶುರುವಾದ ಜಾಗಕ್ಕೂ ಮುಗಿದ ಜಾಗಕ್ಕೂ ಕೂಡುವುದಿಲ್ಲ. ಕಣ್ಣಿಗೆ ಕನ್ನಡಕ ಕಡ್ಡಾಯ. ಚೂರೆಲ್ಲ ಮೇಲಕ್ಕೇ ಹಾರುತ್ತದೆ.

ನಹಾನಿ ಟ್ರ್ಯಾಪಿನ (ಬಚ್ಚಲಿನ ನೆಲದಿಂದ ನೀರು ಹೋಗುವ ಕಿಂಡಿಯ) ಪೈಪಿಗೂ ಇದೇ ಕ್ರಮವೇ?

ಇದೇ. ಟೈಲ್ಸ್ ಮಟ್ಟಕ್ಕಿಂತ 2–3 ಮಿ.ಮೀ. ತಗ್ಗಿಗೆ ಕತ್ತರಿಸಿ. ಸಮವಾಗಿ ಬಿಟ್ಟರೆ ಪೈಪಿನ ಅಂಚೇ ಅಡ್ಡವಾಗಿ ಸುತ್ತ ನೀರು ನಿಂತು ಪಾಚಿ ಕಟ್ಟುತ್ತದೆ.

ನಲ್ಲಿಯ ಎಕ್ಸ್‌ಟೆನ್ಶನ್ ನಿಪ್ಪಲ್ ಟೈಲ್ಸಿನಿಂದ ಹೊರಗೆ ಚಾಚಿದೆ, ಫ್ಲಾಂಜ್ (ನಲ್ಲಿಯ ಬುಡದ ಬಿಲ್ಲೆ) ಗೋಡೆಗೆ ಕೂರುತ್ತಿಲ್ಲ.

ಗಿಡ್ಡ ನಿಪ್ಪಲ್ ಅರ್ಧ ಇಂಚಿನಿಂದ ಶುರುವಾಗಿ ಹಲವು ಅಳತೆಯಲ್ಲಿ ಸಿಗುತ್ತದೆ, ಮೊದಲು ಅದನ್ನು ಕೇಳಿ. ಕತ್ತರಿಸಲೇಬೇಕೆಂದರೆ ಗೋಡೆಯೊಳಗೆ ಹೋಗುವ ಹೊರಥ್ರೆಡ್ ಕಡೆಯಿಂದ. ಅರ್ಧ ಇಂಚಿನ ಬಿಎಸ್‌ಪಿ ಥ್ರೆಡ್ ಇಂಚಿಗೆ 14 ಸುತ್ತು, ಅಂದರೆ ಒಂದು ಸುತ್ತಿಗೆ 1.8 ಮಿ.ಮೀ. ಕಡಿಮೆಯೆಂದರೂ ಐದು ಸುತ್ತು, 9 ಮಿ.ಮೀ., ಎಲ್ಬೋದೊಳಗೆ ಕೂರುವಂತೆ ಉಳಿಸಿ. ಕತ್ತರಿಸುವ ಮೊದಲು ಹಳೆಯ ಜಿಐ ಸಾಕೆಟ್ ಒಂದನ್ನು ಆ ಥ್ರೆಡ್ಡಿಗೆ ಪೂರ್ತಿ ತಿರುಗಿಸಿಕೊಂಡು, ಅದರಾಚೆ ಕತ್ತರಿಸಿ. ಸಾಕೆಟ್ ಬಿಚ್ಚುವಾಗ ಅದೇ ಥ್ರೆಡ್ಡಿನ ಮುರಿದ ಅಂಚನ್ನು ಸರಿ ಮಾಡುತ್ತ ಬರುತ್ತದೆ.

ಹಳೆಯ ಮನೆ, ಜಿಐ ಲೈನ್. ಎಲ್ಬೋದೊಳಗೆ ನಿಪ್ಪಲ್ ಮುರಿದು ಉಳಿದಿದೆ.

ಕರಾವಳಿಯಲ್ಲಿ ಜಿಐ ಹೊರಗಿನಿಂದ ಉಪ್ಪುಗಾಳಿಗೆ, ಒಳಗಿನಿಂದ ನೀರಿಗೆ ತುಕ್ಕು ಹಿಡಿಯುತ್ತದೆ. ಚಿರೆಕಲ್ಲು ನೆಲದ ಬಾವಿ ನೀರು ಹಲವು ಕಡೆ ತುಸು ಆಮ್ಲೀಯ, ಸತುವಿನ ಲೇಪ ಬೇಗ ಹೋಗುತ್ತದೆ. ಹಾಗಾಗಿ ಪಾನಾ ಹಾಕಿ ತಿರುಗಿಸಿದೊಡನೆ ಥ್ರೆಡ್ಡಿನ ಬುಡದಲ್ಲಿ ಮುರಿಯುತ್ತದೆ.

ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ಮರುದಿನ ಒಳಗಿನಿಂದ ಹಿಡಿದು ತಿರುಗಿಸುವ ಎಕ್ಸ್‌ಟ್ರ್ಯಾಕ್ಟರ್ ಹಾಕಿ ಪ್ರಯತ್ನಿಸಿ. ಬಾರದಿದ್ದರೆ ಹ್ಯಾಕ್ಸಾ ಬ್ಲೇಡಿನಿಂದ ಒಳಗೆ 5–6 ಮಿ.ಮೀ. ಅಂತರದಲ್ಲಿ ಎರಡು ಗೀಟು, ಎಲ್ಬೋದ ಥ್ರೆಡ್ ತಾಗುವ ಮೊದಲೇ ನಿಲ್ಲಿಸಿ. ನಡುವಿನ ಪಟ್ಟಿಯನ್ನು ಸಣ್ಣ ಉಳಿಯಿಂದ ಒಳಕ್ಕೆ ಬಗ್ಗಿಸಿದರೆ ಉಳಿದ ಉಂಗುರ ಬಿಗಿ ಕಳೆದುಕೊಳ್ಳುತ್ತದೆ. ಹೊಡೆತ ಹಗುರವಾಗಿರಲಿ. ಚಿರೆಕಲ್ಲು ಮೆತ್ತಗಿನ ಕಲ್ಲು, ಎಲ್ಬೋ ಗೋಡೆಯೊಳಗೆ ಅಲುಗಾಡಿದರೆ ಮುಂದಿನ ಜಾಯಿಂಟ್ ಸೋರತೊಡಗುತ್ತದೆ, ಅದು ಕಾಣುವುದು ಆಚೆ ಕೋಣೆಯ ಗೋಡೆಯಲ್ಲಿ.

ಅಡಿಕೆ ತೋಟದ ಲೈನಿನಲ್ಲಿ ಟೀ (ಮೂರು ಬಾಯಿಯ ಫಿಟ್ಟಿಂಗ್) ಒಡೆದಿದೆ. ಬೇರುಗಳ ನಡುವೆ ಕೈ ಆಡುವುದಿಲ್ಲ.

ಇಲ್ಲಿ ಗೋಡೆಯ ಬದಲು ಮಣ್ಣು, ಬೇರು, ಪಕ್ಕದ ಬಸಿಗಾಲುವೆ. ಟೀ ಕೆಳಗೆ ಒಂದು ಗೇಣು ಆಳಕ್ಕೆ ಗುಂಡಿ ತೆಗೆಯಿರಿ, ಸೋರುವ ನೀರು ಅಲ್ಲಿ ನಿಲ್ಲಲಿ, ಕೆಸರು ಪೈಪಿನ ಬಾಯಿಗೆ ಬಾರದಿರಲಿ. ಗುಡ್ಡದ ಒರತೆಯಿಂದ ಇಳಿಸಿದ ಲೈನಾದರೆ ಮೇಲೆ ವಾಲ್ವ್ ಮುಚ್ಚಿದ ಮೇಲೂ ಪೈಪಿನಲ್ಲಿರುವ ನೀರು ಹೊತ್ತುಗಟ್ಟಲೆ ಬರುತ್ತಿರುತ್ತದೆ. ತಗ್ಗಿನ ತುದಿಯ ಎಂಡ್ ಕ್ಯಾಪ್ ತೆಗೆದುಬಿಡಿ.

63, 75 ಮಿ.ಮೀ. ಪೈಪನ್ನು ಇಂಥ ಜಾಗದಲ್ಲಿ ಕತ್ತರಿಸಲು ನೂಲೇ ಸುಲಭ. ಆದರೆ ಕತ್ತರಿಸಿ ತೆಗೆದ ಮೇಲೆ ಹೊಸ ಟೀ ತೂರಿಸಲು ಪೈಪ್ ಹಿಂದೆ ಸರಿಯಬೇಕಲ್ಲ, ಅಸಲಿ ತೊಡಕು ಅದು. ಎರಡೂ ಕಡೆ ಮೀಟರುಗಟ್ಟಲೆ ಮಣ್ಣು ಬಿಡಿಸಿದರೆ ಪೈಪನ್ನು ಬಿಲ್ಲಿನಂತೆ ಎತ್ತಿ ಕೂರಿಸಬಹುದು. ಅಷ್ಟು ಅಗೆಯಲು ಆಗದಿದ್ದರೆ ಒಂದು ಕಡೆ ಯೂನಿಯನ್ (ನಡುವೆ ಬಿಚ್ಚಿ ಜೋಡಿಸಬಹುದಾದ ಫಿಟ್ಟಿಂಗ್) ಅಥವಾ ರಬ್ಬರ್ ಸೀಲಿನ ಕಂಪ್ರೆಶನ್ ಕಪ್ಲರ್ ಹಾಕಿ. ಕಪ್ಲರಿನ ಒಳಗಿನ ಏಣನ್ನು ಅರದಿಂದ ತಿಕ್ಕಿ, ಪೂರ್ತಿ ಪೈಪಿನ ಮೇಲೆ ಜಾರಿಸಿ ವಾಪಸ್ ಎಳೆಯುವ ರೂಢಿಯೂ ಇದೆ. ಜಾರಿಸುವಾಗ ಸೊಲ್ಯೂಶನ್ ಅರ್ಧ ಒರೆಸಿಹೋಗುತ್ತದೆ. ಸ್ಪ್ರಿಂಕ್ಲರ್ ಒತ್ತಡದ ಲೈನಿಗೆ ಅದನ್ನು ನೆಚ್ಚಬೇಡಿ.

ಸೋಗೆ ಬೆಂಕಿಯಲ್ಲಿ ಪೈಪಿನ ತುದಿ ಕಾಯಿಸಿ ಬಾಯಿ ಅಗಲಿಸುವುದೂ ಅಷ್ಟೇ. ಅಗಲವಾದಷ್ಟೂ ಪೈಪ್ ತೆಳುವಾಗುತ್ತದೆ. ಬರೀ ನೀರು ಹರಿದು ಹೋಗುವ ಲೈನಿಗೆ ಸರಿ, ಪಂಪಿನ ಲೈನಿಗೆ ಅಲ್ಲ.

ಮಳೆಗಾಲದಲ್ಲಿ ಅಂಟಿಸಿದ ಜಾಯಿಂಟ್ ಬಿಡುತ್ತದೆ. ಸೊಲ್ಯೂಶನ್ ಕಳಪೆಯೇ?

ಹೆಚ್ಚಿನ ಸಲ ಅಲ್ಲ. ಸೊಲ್ಯೂಶನ್ ಪ್ಲಾಸ್ಟಿಕ್ಕನ್ನು ಕರಗಿಸಿ ಎರಡು ಮೇಲ್ಮೈಯನ್ನು ಒಂದು ಮಾಡುತ್ತದೆ, ಅದರ ದ್ರಾವಕ ಆರಿಹೋಗಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಗಾಳಿಯಲ್ಲಿ ತೇವ ತುಂಬಿರುತ್ತದೆ, ಆರುವುದು ನಿಧಾನ. ಡಬ್ಬಿಯ ಮೇಲೆ ಬರೆದ ಸಮಯಕ್ಕೆ ಅದರ ಅರ್ಧದಷ್ಟನ್ನು ಸೇರಿಸಿ. ಬಿಸಿನೀರಿನ ಲೈನಾದರೆ ಒಂದು ದಿನ ಬಿಡುವುದೇ ಕ್ಷೇಮ.

ಹಚ್ಚುವ ಮೊದಲು ಒಣ ಬಟ್ಟೆಯಿಂದ ಒರೆಸಿ, ಹೇರ್ ಡ್ರೈಯರ್ ಇದ್ದರೆ ಒಂದು ನಿಮಿಷ ಹಿಡಿಯಿರಿ. ಪೈಪಿನ ತುದಿಗೆ ಅರದಿಂದ ಸಣ್ಣ ಇಳಿಜಾರು ಕೊಡಿ. ಪೈಪಿಗೆ ಧಾರಾಳ, ಸಾಕೆಟ್ಟಿಗೆ ತೆಳ್ಳಗೆ ಹಚ್ಚಿ, ಕಾಲು ಸುತ್ತು ತಿರುಗಿಸುತ್ತ ಒಳಗೆ ತಳ್ಳಿ, ಅರ್ಧ ನಿಮಿಷ ಬಿಡದೆ ಹಿಡಿಯಿರಿ. ಕೈ ಬಿಟ್ಟರೆ ಸಾಕೆಟ್ಟಿನ ಇಳಿಜಾರು ಪೈಪನ್ನು ಹೊರಕ್ಕೆ ತಳ್ಳುತ್ತದೆ. ಸುತ್ತಲೂ ಸಣ್ಣ ಉಂಗುರದಂತೆ ಸೊಲ್ಯೂಶನ್ ಕಾಣಿಸಿದರೆ ಸರಿಯಾಗಿದೆ. ಡಬ್ಬಿಯಲ್ಲಿ ಲೋಳೆಯಂತೆ ಗಟ್ಟಿಯಾದದ್ದನ್ನು ಥಿನ್ನರ್ ಹಾಕಿ ಬಳಸಬೇಡಿ, ಎಸೆಯಿರಿ.

ವಾಲ್ವ್ ಮುಚ್ಚಿದರೂ ಹನಿ ಹನಿ ನೀರು ಬರುತ್ತಲೇ ಇದೆ. ಅಂಟಿಸುವುದು ಹೇಗೆ?

ಹಳೆಯ ಗೇಟ್ ವಾಲ್ವ್ ಪೂರ್ತಿ ಮುಚ್ಚುವುದು ಅಪರೂಪ. ಟ್ಯಾಂಕ್ ಖಾಲಿ ಮಾಡುವುದು, ಅಥವಾ ಟ್ಯಾಂಕಿನೊಳಗಿನಿಂದ ಪೈಪಿನ ಬಾಯಿಗೆ ಬೆಣೆ ಬಡಿಯುವುದು ಮೊದಲ ದಾರಿ. ತೆಳು ಟ್ಯೂಬನ್ನು ಪೈಪಿನೊಳಗೆ ಇಳಿಸಿ ಬಾಯಿಂದ ಎಳೆದು ಸೈಫನ್ ಮಾಡಿದರೆ ಎಲ್ಬೋದಲ್ಲಿ ನಿಂತ ನೀರು ಹೋಗುತ್ತದೆ. ಬ್ರೆಡ್ ತುರುಕುವ ಉಪಾಯ ಕೇಳಿರುತ್ತೀರಿ. ಆಮೇಲೆ ಅದು ಹೋಗಿ ಕೂರುವುದು ಶವರಿನ ತೂತುಗಳಲ್ಲಿ.

ಹಂಡೆ, ಸೋಲಾರ್ ಲೈನಿಗೆ ಬಿಳಿ ಪೈಪಿನ ತುಂಡು ಸೇರಿಸಿದರೆ ಪರವಾಗಿಲ್ಲವೇ?

ಇಲ್ಲ, ಹಾಕಬೇಡಿ. ಸಿಪಿವಿಸಿ 82 ಡಿಗ್ರಿ ಸೆಲ್ಸಿಯಸ್‌ವರೆಗೆ ತಡೆಯುತ್ತದೆ, ಯುಪಿವಿಸಿ 60 ದಾಟಿದರೆ ಮೆತ್ತಗಾಗುತ್ತದೆ. ಬಿಸಿಲಿನ ದಿನ ಸೋಲಾರ್ ನೀರು ಅದನ್ನು ಆರಾಮಾಗಿ ದಾಟುತ್ತದೆ.

ಕತ್ತರಿಸಿದ ಮೇಲೆ ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿದೆ.

ಚೂರು ಸಿಕ್ಕಿಕೊಂಡಿದೆ. ನಲ್ಲಿ ತುದಿಯ ಜಾಲರಿ, ಆಂಗಲ್ ಕಾಕ್, ವಾಷಿಂಗ್ ಮಷಿನ್ ಪೈಪಿನ ಜಾಲರಿ, ಈ ಮೂರನ್ನು ಬಿಚ್ಚಿ ನೋಡಿ. ಹೀಗಾಗದಿರಲು ಜಾಯಿಂಟ್ ಗಟ್ಟಿಯಾದ ಮೇಲೆ ಮೊದಲು ಜಾಲರಿ ತೆಗೆದ ನಲ್ಲಿಯಿಂದ ಒಂದು ಬಕೆಟ್ ನೀರು ರಭಸದಿಂದ ಬಿಡಬೇಕು. ಗೀಸರ್ ತುಂಬಿ ಬಿಸಿನೀರಿನ ನಲ್ಲಿಯಲ್ಲಿ ನೀರು ಬರುವವರೆಗೆ ಸ್ವಿಚ್ ಮುಟ್ಟಬೇಡಿ.

ಕಾರವಾರದ ಗಾಳಿಗೆ ಬ್ಲೇಡ್, ಬಿಟ್ ಎಲ್ಲ ತುಕ್ಕು. ಏನು ಮಾಡುವುದು?

ಕೆಲಸ ಮುಗಿದ ಕೂಡಲೇ ಒರೆಸಿ, ಹೊಲಿಗೆ ಮಷಿನ್ ಎಣ್ಣೆ ಸವರಿದ ಬಟ್ಟೆಯಲ್ಲಿ ಸುತ್ತಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ. ಮತ್ತೆ ಬಳಸುವಾಗ ಎಣ್ಣೆ ಪೂರ್ತಿ ಒರೆಸಬೇಕು, ಎಣ್ಣೆ ತಾಗಿದ ಸಾಕೆಟ್ಟಿಗೆ ಸೊಲ್ಯೂಶನ್ ಹಿಡಿಯುವುದಿಲ್ಲ.

ಎಲ್ಲವನ್ನೂ ಕೊಳ್ಳಲು ಆಗುವುದಿಲ್ಲ. ಮೊದಲು ಯಾವುದು?

ನೈಲಾನ್ ನೂಲು, ಮಿನಿ ಹಿಡಿಕೆ ಜೊತೆಗೆ 24 ಹಲ್ಲಿನ ನಾಲ್ಕು ಬ್ಲೇಡ್, ಅರ್ಧಚಂದ್ರ ಅರ, ಚಾಕು. ದಿನಾ ಇದೇ ಕೆಲಸ ಮಾಡುವವರಾದರೆ ಆಮೇಲೆ ಮಲ್ಟಿ ಟೂಲ್. ರೀಮರನ್ನು ನೀವು ಹೆಚ್ಚು ಹಾಕುವ ಒಂದು ಸೈಜಿಗೆ ಮಾತ್ರ ತರಿಸಿ, ಸೆಟ್ ಬೇಡ. ಸೆಟ್ಟಿನಲ್ಲಿ ಅರ್ಧಕ್ಕರ್ಧ ನಮ್ಮ ಪೈಪಿಗೆ ಕೂರದವೇ ಇರುತ್ತವೆ.

ಗೋಡೆ ಮುಚ್ಚುವ ಮೊದಲು ಪರೀಕ್ಷೆ ಹೇಗೆ?

ಜಾಯಿಂಟಿನ ಕೆಳಗೆ ಪತ್ರಿಕೆಯ ಹಾಳೆ ಇಟ್ಟು, ನಲ್ಲಿಗಳನ್ನೆಲ್ಲ ಮುಚ್ಚಿ, ಲೈನ್ ತೆರೆದು ಒಂದು ರಾತ್ರಿ ಬಿಡಿ. ಒಂದು ಹನಿ ಬಿದ್ದರೂ ಹಾಳೆಯಲ್ಲಿ ಕಲೆ ಉಳಿಯುತ್ತದೆ. ಹತ್ತು ಮೀಟರ್ ಎತ್ತರದ ಟ್ಯಾಂಕ್ ಕೊಡುವುದು ಪ್ರತಿ ಚದರ ಸೆಂ.ಮೀ.ಗೆ ಸುಮಾರು 1 ಕಿಲೋ ಒತ್ತಡ ಅಷ್ಟೇ. ಒಂದಂತಸ್ತಿನ ಮನೆಯಲ್ಲಿ ಅದರ ಅರ್ಧವೂ ಇರುವುದಿಲ್ಲ. ಮನೆಯಲ್ಲಿ ಪ್ರೆಶರ್ ಪಂಪ್ ಇದ್ದರೆ ಅಥವಾ ಮುಂದೆ ಹಾಕಿಸುವ ಯೋಚನೆಯಿದ್ದರೆ ಪಂಪ್ ಚಾಲು ಮಾಡಿಯೇ ಪರೀಕ್ಷಿಸಿ. ಬೆಳಿಗ್ಗೆ ಹಾಳೆಯಲ್ಲಿ ಕಲೆಯಿಲ್ಲದಿದ್ದರೆ ಗೌಂಡಿಯನ್ನು ಕರೆಯಿರಿ.